ಎಂಟು ಗಂಟೆ ಯಾರ ಗಡಿಯಾರದಲ್ಲಿ?

ಪರಿಗಿ, ಮಡಕಶಿರಾ, ಕಲ್ಯಾಣದುರ್ಗದ ಕಡೆಯಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಒಮ್ಮೆ ಚಾಲಕರ ಮನೆಯವರು, ಒಮ್ಮೆ ಹೊಸದಾಗಿ ಡ್ಯೂಟಿ ಹತ್ತಿದ ಹುಡುಗರು, ಇನ್ನೊಮ್ಮೆ ಪಿಂಚಣಿಗೆ ಬಂದಮೇಲೆ ಹಳೇ ಲೆಕ್ಕ ತೆಗೆದು ಕೂತವರು. ಕತ್ತಲಿದ್ದಾಗ ಮನೆ ಬಿಟ್ಟು ಸಂಜೆ ಹೊತ್ತಿಗೆ ಮನೆ ಸೇರುವ ಮನುಷ್ಯನಿಗೆ ಸಂಬಳದ ಚೀಟಿಯಲ್ಲಿ ಓಟಿ (ಓವರ್‌ಟೈಮ್) ಅಂತ ಕಾಣಿಸುವುದು ಅರ್ಧ ಗಂಟೆ, ಇಲ್ಲವೇ ಸೊನ್ನೆ. ಮಿಕ್ಕ ಗಂಟೆಗಳು ಎಲ್ಲಿ ಹೋದವು ಎಂಬುದು ಅವರ ಪ್ರಶ್ನೆ. ಯಾರೋ ನುಂಗಿಹಾಕಿದ್ದಾರೆ ಎಂಬ ಗುಮಾನಿಯೂ ಅದರ ಹಿಂದೆಯೇ ಇರುತ್ತದೆ. ಹೆಚ್ಚಿನ ಸಲ ಯಾರೂ ನುಂಗಿರುವುದಿಲ್ಲ. ಕಾನೂನಿನ ಪ್ರಕಾರವೇ ಅವು ಲೆಕ್ಕದಿಂದ ಜಾರಿರುತ್ತವೆ.

ಹಿಂದೂಪುರದ ಬಸ್ ನಿಲ್ದಾಣದಲ್ಲಿ ಎರಡು ರಾಜ್ಯಗಳ ಬಸ್ಸುಗಳು ಪಕ್ಕಪಕ್ಕದಲ್ಲೇ ನಿಲ್ಲುತ್ತವೆ. ಎಪಿಎಸ್‌ಆರ್‌ಟಿಸಿಯ ಪಲ್ಲೆವೆಲುಗು ಒಂದು ಕಡೆ, ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಇನ್ನೊಂದು ಕಡೆ. ಬೋರ್ಡು ತೆಲುಗಿನಲ್ಲಿದ್ದರೂ ಸೀಟಿನ ಜಗಳ ಕನ್ನಡದಲ್ಲೇ ನಡೆಯುವ ಊರು ಇದು. ಚಾಲಕರಿಬ್ಬರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರಾದರೂ ನೌಕರಿಯ ಲೆಕ್ಕದಲ್ಲಿ ಬೇರೆ ಬೇರೆ. ಆಂಧ್ರದವರು 2020ರ ಜನವರಿ 1ರಿಂದ ರಾಜ್ಯ ಸರ್ಕಾರದ ನೌಕರರು. ನಿಗಮದ ಸಿಬ್ಬಂದಿಯನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳುವ ಕಾಯ್ದೆಯನ್ನು ಅಲ್ಲಿ 2019ರಲ್ಲೇ ಮಾಡಿ, ಅವರಿಗಾಗಿ ಸಾರ್ವಜನಿಕ ಸಾರಿಗೆ ಇಲಾಖೆಯನ್ನು ಹುಟ್ಟುಹಾಕಲಾಯಿತು. ಕರ್ನಾಟಕದವರು ಇವತ್ತಿಗೂ ನಿಗಮದ ನೌಕರರೇ. ಅದೇ ಸ್ಥಾನಮಾನ ನಮಗೂ ಬೇಕೆಂದು ಅವರು 2020ರ ಡಿಸೆಂಬರಿನಲ್ಲಿ ಬಸ್ಸು ನಿಲ್ಲಿಸಿದರು. ಆರನೇ ವೇತನ ಆಯೋಗದ ಸಂಬಳ ಕೊಡಿ ಎಂದು 2021ರ ಏಪ್ರಿಲಿನಲ್ಲಿ ಎರಡು ವಾರ ಮುಷ್ಕರ ಹೂಡಿದರು. 38 ತಿಂಗಳ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬೀದಿಗಿಳಿದರು. ಮೂರು ಸಲವೂ ಮುಂದೆ ನಿಂತದ್ದು ಸಂಬಳ, ಸ್ಥಾನಮಾನ. ಗಂಟೆಗಳ ಮಾತು ಬೇಡಿಕೆ ಪಟ್ಟಿಯ ಕೆಳಗೆಲ್ಲೋ ಉಳಿಯಿತು. ಉಳಿಯಬಾರದಿತ್ತು, ಏಕೆಂದರೆ ಸರ್ಕಾರಿ ನೌಕರನಾಗಲಿ ನಿಗಮದ ನೌಕರನಾಗಲಿ, ಚಾಲಕನ ದಿನವನ್ನು ಅಳೆಯುವ ಕಾನೂನು ಗಡಿಯ ಈಚೆಗೂ ಆಚೆಗೂ ಒಂದೇ.

2025ರ ನವೆಂಬರಿನವರೆಗೆ ಅದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅರವತ್ತು ವರ್ಷಕ್ಕೂ ಮೇಲೆ ಬಸ್ಸಿನವರ ಹಗಲು ರಾತ್ರಿಗಳನ್ನು ಹಂಚಿಕೊಟ್ಟದ್ದು ಇದೇ. ಅದು ಇಟ್ಟ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಿಗೂ ಹಬ್ಬ ಜಾತ್ರೆಗಳ ವಿಶೇಷ ಬಸ್ಸುಗಳಿಗೂ ಅಧಿಕಾರಿಯ ಒಪ್ಪಿಗೆ ಇದ್ದರೆ ದಿನಕ್ಕೆ 10, ವಾರಕ್ಕೆ 54. ಒಂದೇ ಸಮನೆ 5 ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ಇವತ್ತಿನ ಡ್ಯೂಟಿ ಇಳಿದು ನಾಳೆಯ ಡ್ಯೂಟಿ ಹತ್ತುವುದರ ನಡುವೆ ಎಡೆಬಿಡದ 9 ಗಂಟೆಯ ವಿಶ್ರಾಂತಿ ಸಿಗಬೇಕು. ಬಿಡುವುಗಳೂ ಸೇರಿ ಒಂದು ದಿನದ ಡ್ಯೂಟಿ, ಶುರುವಿನಿಂದ ಕೊನೆಯವರೆಗೆ, 12 ಗಂಟೆಯ ಆಚೆ ಚಾಚಬಾರದು. ಡಿಪೊದ ಮಾತಿನಲ್ಲಿ ಇದೇ ಸ್ಪ್ರೆಡ್ ಓವರ್. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಕೂಡ ಚಾಲಕರ ಗಂಟೆಗಳಿಗೆ ಈ ಕಾಯ್ದೆಯತ್ತಲೇ ಬೊಟ್ಟು ಮಾಡುತ್ತದೆ.

ಇಷ್ಟನ್ನು ಯೂನಿಯನ್ನಿನ ಯಾವ ಮುಖಂಡರನ್ನು ಕೇಳಿದರೂ ಹೇಳುತ್ತಾರೆ. ಗಂಟು ಇರುವುದು ಇವುಗಳಲ್ಲಲ್ಲ, ಕೆಲಸದ ಹೊತ್ತು ಅಂದರೆ ಏನು ಎಂದು ವಿವರಿಸುವ ಸಾಲಿನಲ್ಲಿ. ಕಾರ್ಮಿಕ ತನ್ನ ಮಾಲೀಕನ ಕೈಗೆ ಒದಗಿರುವ ಹೊತ್ತೇ ಕೆಲಸದ ಹೊತ್ತು ಎಂದು ಕಾಯ್ದೆ ಧಾರಾಳವಾಗಿಯೇ ಮಾತು ಶುರುಮಾಡುತ್ತದೆ. ಆಮೇಲೆ ಅದರಲ್ಲಿ ಏನೇನು ಸೇರಿದೆ ಎಂದು ಹೆಸರಿಸುತ್ತದೆ. ಬಸ್ಸು ಓಡುವ ಹೊತ್ತು ಒಂದು. ಓಟದ ಆಚೆಗಿನ ಚಿಲ್ಲರೆ ಕೆಲಸ ಎರಡನೆಯದು: ರಿಜಿಸ್ಟರಿಗೆ ಸಹಿ, ಕ್ಯಾಶ್ ಕಟ್ಟುವುದು, ಗಾಡಿ ತೆಗೆದುಕೊಳ್ಳುವುದು, ಸಂಜೆ ಶೆಡ್ಡಿಗೆ ಬಿಡುವುದು. ಮೂರನೆಯದು ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಹೊತ್ತು, ಆದರೆ ಅದು 15 ನಿಮಿಷಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ.

ಆ ಹದಿನೈದು ನಿಮಿಷದ ಗೆರೆಯ ಆಚೆಗೇ ಚಾಲಕರ ಅರ್ಧ ಜೀವನ ಬಿದ್ದಿದೆ. ಒಂದು ಡ್ಯೂಟಿಯನ್ನು ಕಾಗದದ ಮೇಲೆ ಇಟ್ಟು ನೋಡೋಣ. ಇದು ಯಾವ ಡಿಪೊದ ಯಾವ ಶೆಡ್ಯೂಲೂ ಅಲ್ಲ, ಲೆಕ್ಕಕ್ಕಾಗಿ ಹೆಣೆದದ್ದು. ಬೆಳಗ್ಗೆ 5ಕ್ಕೆ ಡಿಪೊದಲ್ಲಿ ಸಹಿ. ನೀರು, ಗಾಳಿ, ಲೈಟು ನೋಡಿಕೊಂಡು ಪ್ಲಾಟ್‌ಫಾರ್ಮಿಗೆ ಬಂದು ಐದೂವರೆಗೆ ಹಿಂದೂಪುರದಿಂದ ಹೊರಟರೆ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಎಂಟೂವರೆಗೆ ಬೆಂಗಳೂರು. ಅಲ್ಲಿ ಒಂದು ಗಂಟೆ ನಿಲುಗಡೆ. ಒಂಬತ್ತೂವರೆಗೆ ಹೊರಟು ಹನ್ನೆರಡೂವರೆಗೆ ವಾಪಸು. ಊಟ, ಮತ್ತೆ ಬಸ್ಸಿನ ಸರದಿ, ಎರಡು ಗಂಟೆಯವರೆಗೆ ಕಾಯುವುದು. ಎರಡರಿಂದ ಮೂರೂವರೆಯವರೆಗೆ ಪರಿಗಿ ಕಡೆ ಒಂದು ಸಣ್ಣ ಟ್ರಿಪ್ಪು. ಕ್ಯಾಶ್ ಕಟ್ಟಿ ಗಾಡಿ ಒಪ್ಪಿಸುವಾಗ 4 ಗಂಟೆ.

ಮನೆಯವರ ಗಡಿಯಾರದಲ್ಲಿ ಇದು 11 ಗಂಟೆ. ಸ್ಪ್ರೆಡ್ ಓವರ್ 12ರ ಒಳಗೇ ಇದೆ, ಕಾನೂನು ತಪ್ಪಿಲ್ಲ. ಕಾಯುವ ಎರಡು ತುಂಡುಗಳನ್ನು, ಅಂದರೆ ಎರಡೂವರೆ ಗಂಟೆಯನ್ನು ಕಳೆದರೆ ಉಳಿಯುವುದು ಎಂಟೂವರೆ. ಓಟಿ ಅರ್ಧ ಗಂಟೆ. ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಬೆಂಗಳೂರಿನ ಓಟಕ್ಕೆ ಶೆಡ್ಯೂಲಿನಲ್ಲಿ ಮೂರು ಗಂಟೆಯ ಬದಲು ಎರಡೂವರೆ ಗಂಟೆ ಅಂತ ಬರೆದಿದ್ದರೆ? ಹೋಗುವಾಗ ಅರ್ಧ, ಬರುವಾಗ ಅರ್ಧ, ಒಟ್ಟು ಒಂದು ಗಂಟೆ ಕಾಗದದಿಂದ ಮಾಯ. ಲೆಕ್ಕ ಏಳೂವರೆಗೆ ಇಳಿದು ಓಟಿ ಸೊನ್ನೆಯಾಗುತ್ತದೆ. ರಸ್ತೆಯ ಮೇಲೆ ಆತ ಹೊಡೆದ ಬಸ್ಸು ಅದೇ, ಹಿಡಿದ ಹೊತ್ತೂ ಅದೇ.

ಆದ್ದರಿಂದ ಓಟಿಯ ಜಗಳ ಅಂತ ನಾವು ಕರೆಯುವುದು ಬಹುಪಾಲು ರನ್ನಿಂಗ್ ಟೈಮಿನ ಜಗಳ. ಕರ್ನಾಟಕದ ಡಿಪೊಗಳಲ್ಲಿ ಇದಕ್ಕೆ ಫಾರಂ-4 ಎಂಬ ಹೆಸರಿದೆ. ಯಾವ ಟ್ರಿಪ್ಪು ಎಷ್ಟಕ್ಕೆ ಹೊರಟು ಎಷ್ಟಕ್ಕೆ ತಲುಪಬೇಕು, ಎಷ್ಟು ಕಿಲೋಮೀಟರು, ಎಲ್ಲಿ ಎಷ್ಟು ನಿಲುಗಡೆ, ಕೊನೆಗೆ ಓಟಿ ಇದೆಯೋ ಇಲ್ಲವೋ, ಎಲ್ಲವೂ ಆ ಹಾಳೆಯಲ್ಲಿ. ಫಾರಂ-4 ಅವೈಜ್ಞಾನಿಕವಾಗಿದೆ ಎಂಬ ದೂರನ್ನು ಸಾರಿಗೆ ನೌಕರರ ಬಾಯಲ್ಲಿ ಕೇಳದವರು ಕಡಿಮೆ. ಹೊರಗಿನವರಿಗೆ ಅದು ಗೊಣಗಾಟದಂತೆ ಕೇಳಿಸುತ್ತದೆ. ಅಸಲಿಗೆ ಚಾಲಕರ ಸಂಬಳ, ಊಟ, ಬಿಪಿ ಮೂರೂ ಆ ಹಾಳೆಗೆ ಗಂಟುಬಿದ್ದಿವೆ. ಬರೆದ ಹೊತ್ತಿಗೆ ತಲುಪಲಾಗದವರು ಎರಡರಲ್ಲಿ ಒಂದು ಮಾಡಬೇಕು: ನಿಲುಗಡೆಯ ಬಿಡುವನ್ನು ನುಂಗಿ ಇಳಿದ ಕೂಡಲೇ ಮತ್ತೆ ಹೊರಡಬೇಕು, ಇಲ್ಲವೇ ದಾರಿಯಲ್ಲಿ ಕಾಲೊತ್ತಬೇಕು. ಮೊದಲನೆಯದರಲ್ಲಿ ಊಟ ಹೋಗುತ್ತದೆ. ಎರಡನೆಯದರಲ್ಲಿ ಏನು ಹೋಗಬಹುದು ಎಂದು ಬಸ್ಸಿನಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಹಾಳೆಗೂ ರಸ್ತೆಗೂ ನಡುವೆ ಅಂತರ ಹೆಚ್ಚಲು ಹೊಸ ಕಾರಣವೂ ಸೇರಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ, ಎರಡೂ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಯೋಜನೆಗಳು. ಹೆಣ್ಣುಮಕ್ಕಳು ಬಸ್ಸಿನಲ್ಲಿ ತುಂಬಿಕೊಂಡದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ಈ ಅಂಕಣಕ್ಕೆ ತಕರಾರಿಲ್ಲ. ಆದರೆ ಪ್ರತಿ ಸ್ಟಾಪಿನಲ್ಲಿ ಹತ್ತುವವರು ಇಳಿಯುವವರು ಹೆಚ್ಚಾದರೆ, ಕಂಡಕ್ಟರ್ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದುಕೊಡಬೇಕಾದರೆ, ಸ್ಟಾಪಿಗೆ ಅರ್ಧ ನಿಮಿಷ ಹೆಚ್ಚಿಗೆ ಹಿಡಿದೇ ಹಿಡಿಯುತ್ತದೆ. ಇಪ್ಪತ್ತು ಸ್ಟಾಪಿನ ಹಳ್ಳಿ ಮಾರ್ಗದಲ್ಲಿ ಅದು ಹತ್ತು ನಿಮಿಷ. ದಿನಕ್ಕೆ ಆರು ಟ್ರಿಪ್ಪಾದರೆ ಒಂದು ಗಂಟೆ. ಯೋಜನೆ ಬಂದಮೇಲೆ ಮಾರ್ಗದ ಹೊತ್ತನ್ನು ಮತ್ತೆ ಅಳೆಯದೆ ಹಳೇ ಹಾಳೆಯನ್ನೇ ಮುಂದುವರಿಸಿದ ಕಡೆಗಳಲ್ಲಿ ಆ ಒಂದು ಗಂಟೆಯನ್ನು ಚಾಲಕ, ಕಂಡಕ್ಟರ್ ತಮ್ಮ ಕೈಯಿಂದ ಕೊಡುತ್ತಿದ್ದಾರೆ ಎಂದೇ ಅರ್ಥ.

ರಾತ್ರಿ ತಂಗುವ ಬಸ್ಸುಗಳದ್ದು ಇನ್ನೂ ಬೇರೆ ಕಥೆ. ಜಯಮಂಗಲಿ ಬಂದು ಪೆನ್ನಾರಿಗೆ ಕೂಡುವ ಪರಿಗಿ ಸುತ್ತಿನಲ್ಲಾಗಲಿ, ಪಾವಗಡದ ಮಗ್ಗುಲಿನ ಗಡಿ ಹಳ್ಳಿಗಳಲ್ಲಾಗಲಿ, ಕೊನೇ ಟ್ರಿಪ್ಪು ಮುಗಿಸಿದ ಬಸ್ಸು ಅರಳಿಕಟ್ಟೆ ಪಕ್ಕವೋ ಶಾಲೆ ಮುಂದೆಯೋ ನಿಂತುಬಿಡುತ್ತದೆ. ಬೆಳಗ್ಗೆ ಕಾಲೇಜಿನ ಮಕ್ಕಳನ್ನೂ ಹಾಲು, ತರಕಾರಿಯವರನ್ನೂ ಪೇಟೆಗೆ ಮುಟ್ಟಿಸುವುದು ಇದೇ ಬಸ್ಸು. ಚಾಲಕ ಹಿಂದಿನ ಉದ್ದ ಸೀಟಿನಲ್ಲಿ, ಕಂಡಕ್ಟರ್ ಮೂರು ಜನರ ಸೀಟಿನಲ್ಲಿ ಕಾಲು ಮಡಚಿ ಮಲಗುತ್ತಾರೆ. ಕ್ಯಾಶ್ ಬ್ಯಾಗು ತಲೆದಿಂಬಿನ ಅಡಿ, ಸೊಳ್ಳೆ ಬತ್ತಿ ಫುಟ್‌ಬೋರ್ಡಿನ ಮೇಲೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನಾಯಿಗಳ ಬೊಗಳು. ಡ್ಯೂಟಿಯ ಲೆಕ್ಕದಲ್ಲಿ ಈ ರಾತ್ರಿ ಕೆಲಸವಲ್ಲ. ಅದಕ್ಕೆ ನೈಟ್ ಔಟ್ ಭತ್ಯೆ ಎಂಬ ಸಣ್ಣ ಮೊತ್ತವಿದೆ, ಓಟಿ ಇಲ್ಲ. ಆದರೆ 1961ರ ಕಾಯ್ದೆಯ ಒಂಬತ್ತು ಗಂಟೆಯ ವಿಶ್ರಾಂತಿ ನಿಯಮ ಇಲ್ಲಿಗೂ ಅನ್ವಯಿಸುತ್ತಿತ್ತು. ರಾತ್ರಿ ಒಂಬತ್ತೂವರೆಗೆ ಬಂದ ಬಸ್ಸು ಬೆಳಗ್ಗೆ ಐದೂಮುಕ್ಕಾಲಿಗೆ ಹೊರಡುವಂತೆ ಶೆಡ್ಯೂಲ್ ಹೆಣೆದರೆ ಓಟಿಯ ಪ್ರಶ್ನೆಗೆ ಮುಂಚೆಯೇ ಕಾನೂನು ಮುರಿದಂತಾಯಿತು. ಚಾಲಕರು ಭತ್ಯೆ ಹೆಚ್ಚಿಸಿ ಎಂದು ಕೇಳುವಷ್ಟು ಗಟ್ಟಿಯಾಗಿ ಆ ಮುಕ್ಕಾಲು ಗಂಟೆಯ ನಿದ್ದೆಯನ್ನು ಕೇಳುವುದಿಲ್ಲ ಎಂಬುದು ಸೋಜಿಗ.

ದುಡ್ಡಿನ ಮಾತಿಗೆ ಬರೋಣ. ಹೆಚ್ಚುವರಿ ಗಂಟೆಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕು, ವಾರದ ರಜೆಯ ದಿನ ದುಡಿಸಿದರೂ ಎರಡು ಪಟ್ಟೇ. ಸಾಮಾನ್ಯ ದರ ಅಂದರೆ 1961ರ ಕಾಯ್ದೆಯ ಲೆಕ್ಕದಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಮನೆಬಾಡಿಗೆ, ಇತರೆ ಭತ್ಯೆಗಳು ಬರುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 30,000 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 144, ಎರಡು ಪಟ್ಟು ಅಂದರೆ 288 ರೂಪಾಯಿ. ಬಸ್ಸು ಕೆಟ್ಟು ನಿಂತದ್ದು, ರಸ್ತೆ ಕಡಿತವಾದದ್ದು, ಇಂಥ ಅನಿವಾರ್ಯಗಳಲ್ಲಿ ಆದ ತಡಕ್ಕೆ ಮಾತ್ರ ಆಯಾ ರಾಜ್ಯದ ನಿಯಮ ಹೇಳುವ ದರ. ಕಡಿಮೆಗೆ ಒಪ್ಪಿಕೊಂಡಿದ್ದೇನೆ ಎಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಕಾಯ್ದೆ ಕೊಟ್ಟದ್ದಕ್ಕಿಂತ ಕಡಿಮೆ ಕೊಡುವ ಕರಾರಿಗೆ ಬೆಲೆ ಇಲ್ಲ ಎಂದು ಕಾಯ್ದೆಯೇ ಹೇಳಿದೆ.

ಎರಡು ಪಟ್ಟು ದರ ಮಾಲೀಕರನ್ನು ಹೆದರಿಸಿ, ಹೆಚ್ಚು ಹೊತ್ತು ದುಡಿಸದಂತೆ ತಡೆಯಲಿ ಎಂಬುದು ಇದರ ಉದ್ದೇಶ. ಬಸ್ಸಿನ ಲೋಕದಲ್ಲಿ ಅದು ತಿರುವುಮುರುವಾಗಿದೆ. ನೂರು ಚಾಲಕರಿರುವ ಡಿಪೊದಲ್ಲಿ ತಲೆಗೊಂದು ಗಂಟೆ ಓಟಿ ಬಿದ್ದರೆ ದಿನಕ್ಕೆ ನೂರು ಗಂಟೆ, ಅಂದರೆ ಸುಮಾರು ಹನ್ನೆರಡು ಚಾಲಕರ ಕೆಲಸ. ಹನ್ನೆರಡು ಜನರನ್ನು ಹೊಸದಾಗಿ ತೆಗೆದುಕೊಂಡರೆ ಭವಿಷ್ಯನಿಧಿ, ರಜೆ, ಸಮವಸ್ತ್ರ, ಮುಂದೊಂದು ದಿನ ಗ್ರಾಚ್ಯುಟಿ. ಎರಡು ಪಟ್ಟು ಕೊಟ್ಟರೂ ಓಟಿಯೇ ಸುಲಭವೆನಿಸುತ್ತದೆ. ಇತ್ತ ಚಾಲಕರಿಗೂ ಮಗಳ ಕಾಲೇಜು ಫೀಸಿನ ತಿಂಗಳಲ್ಲಿ ಡಬಲ್ ಡ್ಯೂಟಿ ಬೇಡವೇನಲ್ಲ. ಬದಲಿ ಚಾಲಕರು ಇಲ್ಲದ ದಿನ ಡಿಪೊದವರು ಫೋನು ಮಾಡುತ್ತಾರೆ, ವಾರದ ರಜೆಯಲ್ಲಿದ್ದವರು ಹೊರಡುತ್ತಾರೆ. ಇಬ್ಬರಿಗೂ ಅನುಕೂಲವಾದ ಈ ಒಪ್ಪಂದದಲ್ಲಿ ಮೂರನೆಯವರಾದ ಪ್ರಯಾಣಿಕರನ್ನು ಯಾರೂ ಕೇಳಿಲ್ಲ. ಓಟಿ ಹಕ್ಕು ಎನ್ನುವ ಯೂನಿಯನ್ನುಗಳು, ಓಟಿ ದಿನನಿತ್ಯದ ವ್ಯವಸ್ಥೆಯಾಗಬಾರದು ಎಂದೂ ಅಷ್ಟೇ ಜೋರಾಗಿ ಹೇಳಬೇಕಿತ್ತು.

ಸರ್ಕಾರಿ ಬಸ್ಸಿನವರಿಗೆ ಜಗಳವಾಡಲು ಕನಿಷ್ಠ ಒಂದು ಹಾಳೆಯಾದರೂ ಇದೆ. ಹಿಂದೂಪುರ, ಪಾವಗಡ, ಮಧುಗಿರಿ, ಕಲ್ಯಾಣದುರ್ಗದ ನಡುವೆ ಓಡುವ ಖಾಸಗಿ ಬಸ್ಸಿನವರಿಗೆ ಅದೂ ಇಲ್ಲ. ಬಹಳಷ್ಟು ಕಡೆ ದಿನಗೂಲಿ ಮತ್ತು ಬತ್ತಾ. ಮೊದಲ ಟ್ರಿಪ್ಪು ಹೊರಟರೆ ಕೊನೇ ಟ್ರಿಪ್ಪು ಮುಗಿಯುವವರೆಗೆ ಡ್ಯೂಟಿ. ಕಾನೂನು ಇಲ್ಲಿ ಜಾರುವ ಬಗೆ ಬಹಳ ಸರಳ. 1961ರ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಒಂದೇ ಬಸ್ಸಿನ ಮಾಲೀಕರ ಹತ್ತಿರ ಇರುವವರು ಡ್ರೈವರು, ಕಂಡಕ್ಟರು, ಕ್ಲೀನರು, ಮೂರೇ ಜನ. ಐದಕ್ಕಿಂತ ಕಡಿಮೆ ಇದ್ದರೂ ಅಧಿಸೂಚನೆ ಹೊರಡಿಸಿ ಕಾಯ್ದೆ ಅನ್ವಯಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗಿತ್ತು. ಕಾಯ್ದೆ ಮುರಿದು ಸಿಕ್ಕಿಬಿದ್ದರೂ ದಂಡ 500 ರೂಪಾಯಿವರೆಗೆ ಇತ್ತು. 1961ರಲ್ಲಿ ಅದು ದೊಡ್ಡ ಮೊತ್ತವೇ. ಇವತ್ತು ಒಂದು ಟ್ರಿಪ್ಪಿನ ಕಲೆಕ್ಷನ್ನಿಗೂ ಸಾಟಿಯಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ ಹಳೆಯ ಮೋಟಾರು ಸಾರಿಗೆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ದಿನಕ್ಕೆ 8 ಗಂಟೆ ಉಳಿದಿದೆ, ಓಟಿಗೆ ಎರಡು ಪಟ್ಟು ಉಳಿದಿದೆ, ನಿಲ್ದಾಣದ 15 ನಿಮಿಷದ ಗೆರೆಯೂ ಅಕ್ಷರಶಃ ಹಾಗೇ ಉಳಿದಿದೆ. ಹೊಸ ಒಳ್ಳೆಯದು ಎಂದರೆ ಕಾರ್ಮಿಕ ಒಪ್ಪಿದರೆ ಮಾತ್ರ ಓಟಿ ಎಂದು ಬರೆದಿರುವುದು. ದಿನದ ಲೆಕ್ಕ, ವಾರದ ಲೆಕ್ಕ ಎರಡರಲ್ಲಿ ಯಾವುದು ಕಾರ್ಮಿಕನಿಗೆ ಲಾಭವೋ ಅದನ್ನೇ ಹಿಡಿಯಬೇಕು ಎಂದೂ ಇದೆ. ದಂಡ 2 ಲಕ್ಷದಿಂದ 3 ಲಕ್ಷದವರೆಗೆ ಏರಿದೆ. ಸ್ಪ್ರೆಡ್ ಓವರ್ ಮತ್ತು ಬಿಡುವಿನ ಮಿತಿಯನ್ನು ಸರ್ಕಾರಗಳು ಅಧಿಸೂಚನೆಯಲ್ಲಿ ಹೇಳಬೇಕು. ಕೆಟ್ಟದ್ದು ಒಂದಿದೆ, ಅದು ಚಿಕ್ಕದಲ್ಲ. ಸಂಹಿತೆ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಮೋಟಾರು ಸಾರಿಗೆ ಸಂಸ್ಥೆಗೆ. ಐದು ಇದ್ದದ್ದು ಹತ್ತಾಯಿತು. ಎರಡು ಬಸ್ಸಿನ ಮಾಲೀಕರಷ್ಟೇ ಅಲ್ಲ, ಮೂರು ಬಸ್ಸಿನವರೂ ಈಗ ಬೇಲಿಯ ಆಚೆ. ಸಂಹಿತೆಗಳ ಪರ ವಿರೋಧದ ಭಾಷಣಗಳಲ್ಲಿ ಈ ಅಂಕಿ ಅಷ್ಟಾಗಿ ಕೇಳಿಸಲಿಲ್ಲ. ಗಡಿನಾಡಿನ ಖಾಸಗಿ ಬಸ್ಸಿನ ಚಾಲಕರಿಗೆ ಮಿಕ್ಕೆಲ್ಲ ಕಲಮುಗಳಿಗಿಂತ ಮುಖ್ಯವಾದದ್ದು ಇದೇ.

ಹೊರಗಿನ ಲೋಕ ಈ ಕಾಯುವಿಕೆಯನ್ನು ಹೇಗೆ ನೋಡಿದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1939ರಲ್ಲೇ ರಸ್ತೆ ಸಾರಿಗೆಯ ಕೆಲಸದ ಹೊತ್ತಿನ ಬಗ್ಗೆ ಒಂದು ಒಡಂಬಡಿಕೆ ಮಾಡಿತ್ತು. ಓಡುವ ಹೊತ್ತು, ಜೊತೆಗಿನ ಕೆಲಸ, ಸುಮ್ಮನೆ ಹಾಜರಿರುವ ಹೊತ್ತು ಎಂಬ ನಮ್ಮ ಕಾಯ್ದೆಯ ವಿಂಗಡಣೆ ಅದರಲ್ಲೇ ಇದೆ. ಅಲ್ಲಿ ಹಾಜರಿರುವ ಹೊತ್ತೂ ಕೆಲಸವೇ, ನಾವು ಅದಕ್ಕೆ 15 ನಿಮಿಷದ ಬೇಲಿ ಹಾಕಿದೆವು. 1979ರ ಒಡಂಬಡಿಕೆ ಬಿಡುವಿಲ್ಲದೆ 4 ಗಂಟೆಗಿಂತ ಹೆಚ್ಚು ಬಸ್ಸು ಹೊಡೆಯಬಾರದು ಎಂದಿತು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ಅಲ್ಲಿ ದೂರದ ಬಸ್ಸು, ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಚಾಲನೆಯ ಹೊತ್ತನ್ನು ತಾನೇ ಬರೆದಿಡುತ್ತದೆ. ನಮ್ಮಲ್ಲಿ 5 ಗಂಟೆಗೆ ಅರ್ಧ ಗಂಟೆ ಎಂಬುದೂ ಕಾಗದದಲ್ಲೇ ಉಳಿಯಿತು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಚಾಲಕರ 8 ಗಂಟೆ, 48 ಗಂಟೆಯ ಮಿತಿಯನ್ನು ಜಾರಿಗೆ ತರುವ ದಾರಿ ಹುಡುಕಲು ಸಂಬಂಧಪಟ್ಟವರ ಸಭೆ ಕರೆಯಿರಿ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯಕ್ಕೆ ಹೇಳಿತು. 1961ರ ಕಾಯ್ದೆಯನ್ನು ಜಾರಿ ಮಾಡುವುದು ಹೇಗೆಂದು 2025ರಲ್ಲಿ ಸಭೆ!

ಹಾಗಾದರೆ ಚೀಟಿ ಹಿಡಿದು ಕೂತ ಚಾಲಕರ ಮನೆಯವರು ಮಾಡಬೇಕಾದದ್ದೇನು? ಓಟಿ ಯಾಕೆ ಕಡಿಮೆ ಎಂದು ಕೇಳುವ ಮೊದಲು ಆ ಮಾರ್ಗದ ಶೆಡ್ಯೂಲಿನ ಪ್ರತಿ ಕೇಳಬೇಕು. ಅದರಲ್ಲಿ ಬರೆದ ಓಟದ ಹೊತ್ತು, ಸಹಿಗೂ ಕ್ಯಾಶಿಗೂ ಗಾಡಿ ಒಪ್ಪಿಸುವುದಕ್ಕೂ ಕೊಟ್ಟ ನಿಮಿಷ, ನಿಲುಗಡೆಯ ಉದ್ದ, ಈ ಮೂರನ್ನು ದಿನದ ಅನುಭವದ ಪಕ್ಕ ಇಟ್ಟು ನೋಡಬೇಕು. ತಪ್ಪು ಇದ್ದರೆ ಅದು ಅಲ್ಲೇ ಸಿಗುತ್ತದೆ. ಮಾರ್ಗದ ಹೊತ್ತನ್ನು ಮತ್ತೆ ಅಳೆಯಿರಿ ಎಂದು ಯೂನಿಯನ್ ಮೂಲಕ ಬರವಣಿಗೆಯಲ್ಲಿ ಕೇಳಿದರೆ ಉತ್ತರ ಕೊಡದಿರುವುದು ಡಿಪೊಗೂ ಕಷ್ಟ. ಹದಿನೈದು ನಿಮಿಷದ ಗೆರೆಯ ವಿಷಯಕ್ಕೆ ಬಂದರೆ, ಮಾಲೀಕನ ಕೈಗೆ ಒದಗಿರುವ ಹೊತ್ತು ಎಂಬ ಹಳೇ ಕಾಯ್ದೆಯ ಮೊದಲ ಮಾತನ್ನು ಹಿಡಿದು ವಾದಿಸಲು ಜಾಗವಿದೆ. ಬಸ್ಸು ಬಿಟ್ಟು ಕದಲುವಂತಿಲ್ಲದ ಒಂದು ಗಂಟೆಯನ್ನು ಬಿಡುವು ಎನ್ನುವುದು ಹೇಗೆ? ಚಾಲಕ ಕಂ ನಿರ್ವಾಹಕರಾಗಿ ಒಬ್ಬರೇ ಹೋಗುವ ಬಸ್ಸುಗಳಲ್ಲಂತೂ ಆ ಹೊತ್ತು ಟಿಕೆಟ್ ಕೊಡುವುದರಲ್ಲೇ ಕಳೆಯುತ್ತದೆ.

ಸಾಕ್ಷಿಗೇನೂ ಬರವಿಲ್ಲ. ಪ್ರತಿ ಟಿಕೆಟಿನ ಮೇಲೆ ಹೊತ್ತು ಅಚ್ಚಾಗುತ್ತದೆ. ಬಸ್ಸು ಈಗ ಎಲ್ಲಿದೆ ಎಂದು ತೋರಿಸುವ ಲೈವ್ ಟ್ರ್ಯಾಕ್ ಆ್ಯಪನ್ನು ಎಪಿಎಸ್‌ಆರ್‌ಟಿಸಿಯೇ ಪ್ರಯಾಣಿಕರ ಕೈಗೆ ಕೊಟ್ಟಿದೆ. ಬಸ್ಸು ನಲವತ್ತು ನಿಮಿಷ ತಡವಾಗಿ ಬರುತ್ತಿದೆ ಎಂದು ಸ್ಟಾಪಿನಲ್ಲಿ ನಿಂತ ಹುಡುಗಿಗೆ ಫೋನಿನಲ್ಲಿ ಗೊತ್ತಾಗುವ ಕಾಲದಲ್ಲಿ, ಅದೇ ನಲವತ್ತು ನಿಮಿಷವನ್ನು ಸಂಬಳ ಬರೆಯುವ ಗುಮಾಸ್ತರ ಮೇಜಿಗೆ ಮುಟ್ಟಿಸಲು ಹೊಸ ಯಂತ್ರವೂ ಬೇಡ, ಹೊಸ ಕಾನೂನೂ ಬೇಡ. ತಿಂಗಳಿಗೊಮ್ಮೆ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತೆ ಒಂದು ಸುತ್ತೋಲೆ ಹೊರಟರೆ ಆಯಿತು.